ಅತ್ತೆ ಹೆಸರು ಕೊಡದ ವರ್ಷ

ನನ್ನ ಅತ್ತೆಗೆ ಕೊಲೆ, ಕಳವು, ಕುಡಿತದಂಥ ಪಾಪಗಳ ಚಿಂತೆ ಇರಲಿಲ್ಲ. ಅವು ಕಣ್ಣಿಗೆ ಕಾಣುತ್ತವೆ, ಪೊಲೀಸರು ನೋಡಿಕೊಳ್ಳುತ್ತಾರೆ ಎಂಬಂತೆ ಬಿಟ್ಟುಬಿಟ್ಟಿದ್ದರು. ಅವರು ಅಂಜುತ್ತಿದ್ದದ್ದು ಯಾರಿಗೂ ಕಾಣದೆ ಎದೆಯೊಳಗೆ ಮೊಳೆಯುವಂಥವಕ್ಕೆ. ಒಬ್ಬರ ಹೊಸ ಸೀರೆ ನೋಡಿ ಆದ ಕಿರಿಕಿರಿ, ಬಾಯಲ್ಲಿ ‘ಆಗಲಿ’ ಎಂದು ಒಳಗೊಳಗೆ ‘ಹಾಳಾಗಿ ಹೋಗು’ ಅಂದದ್ದು, ಇಂಥವು. ಹೃದಯವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಬಾಳು ಹರಿದುಬರುವುದೇ ಅಲ್ಲಿಂದ ಎಂಬ ಬೋಧನೆಯನ್ನು ಉಳಿದವರು ಭಾನುವಾರ ಕೇಳಿ ಸೋಮವಾರ ಮರೆಯುತ್ತಿದ್ದರು. ಅತ್ತೆ ಅದನ್ನು ದಿನಾ ಬೆಳಿಗ್ಗೆ ಮೊರ ಹಿಡಿದು ಮಾಡುತ್ತಿದ್ದರು.

ಮೊರ ಎಂದದ್ದು ಸುಮ್ಮನೆ ಅಲ್ಲ. ಆಗಿನ ರೇಷನ್ ಅಕ್ಕಿ ತಿಂದವರಿಗೆ ಗೊತ್ತು, ಅದರಲ್ಲಿ ಅಕ್ಕಿಯ ಜೊತೆ ಅರ್ಧ ಹೊಲವೇ ಬರುತ್ತಿತ್ತು. ನನ್ನ ಗಂಡ ಫಸ್ಟ್ ಶಿಫ್ಟಿಗೆಂದು ಅಂಬರನಾಥದ ಗಾಡಿ ಹಿಡಿಯಲು ಹೋದಮೇಲೆ ಅತ್ತೆ ಡೊಂಬಿವಲಿಯ ನಮ್ಮ ಚಾಳಿನ ಬಾಗಿಲಲ್ಲಿ ಬೆಳಕಿಗೆ ಮುಖ ಮಾಡಿ ಕೂತು ಅಕ್ಕಿಯೊಳಗಿನ ಕಲ್ಲು-ಹಳ್ಳು ಆರಿಸುವರು. ಕೈ ಅಕ್ಕಿಯಲ್ಲಿ, ತುಟಿ ಮಾತ್ರ ಸದ್ದಿಲ್ಲದೆ ಅಲುಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು, ಈ ಮುದುಕಿ ಹಳ್ಳು ಎಣಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ.

“ನಿನ್ನಿನ ದಿನಾ ತಿರುಗಿ ನೋಡಾಕತ್ತೀನಿ,” ಎಂದರು. “ಯಾರಿಗೆ ಏನ್ ಅಂದೆ, ಯಾರ ಬಗ್ಗೆ ಏನ್ ಅಂದ್ಕೊಂಡೆ ಅಂತ. ಹಳ್ಳು ಹಲ್ಲಿಗೆ ಸಿಕ್ಕ ಮ್ಯಾಲ ‘ಅಯ್ಯೋ’ ಅಂದ್ರ ಏನು ಉಪಯೋಗ? ಮೊರದಾಗ ಇದ್ದಾಗ ನೋಡಬೇಕು.”

ನನಗೆ ನಗು ಬಂತು. ನನ್ನ ಸಿಟ್ಟು ಯಾವತ್ತೂ ಮೂಗಿನ ಮೇಲೆ. ನಲ್ಲಿಯ ಸಾಲಿನಲ್ಲಿ ಯಾರಾದರೂ ಕೊಡ ಮುಂದೆ ಸರಿಸಿದರೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಜಗಳ ಆಡಿ ಬರುತ್ತಿದ್ದೆ. ನನ್ನ ಮನಸ್ಸನ್ನು ಆರಿಸಲು ಕೂತರೆ ಅವತ್ತು ಒಲೆ ಹಚ್ಚುವ ಹಾಗೇ ಇಲ್ಲ. ಅತ್ತೆಗೆ ಹಾಗೇ ಹೇಳಿದೆ. ಅವರೂ ನಕ್ಕರು. ನಮ್ಮಿಬ್ಬರ ಸ್ನೇಹ ಶುರುವಾದದ್ದು ಆ ದಿನದಿಂದ.

ನಾನು ಹುಟ್ಟಿದ್ದು ಗದಗ ಬೆಟಗೇರಿಯ ಕ್ರೈಸ್ತ ಕುಟುಂಬದಲ್ಲಿ. ಅತ್ತೆಯದೂ ಅದೇ ಊರು, ಅದೇ ಸಭೆ. ಮಾವ ತೀರಿಕೊಂಡಮೇಲೆ ಮಗನ ಕೈಹಿಡಿದು ಮುಂಬಯಿ ಕಡೆಗೆ ಬಂದವರು. ಒಂದೇ ಕೋಣೆಯ ಕೋಲಿ, ಹಿಂದೆ ಗೇಣಗಲದ ಅಡುಗೆಮನೆ, ಮೂರು ಜನ. ಗಂಡ ನೈಟ್ ಶಿಫ್ಟಿನಲ್ಲಿದ್ದಾಗ ನಾನೂ ಅತ್ತೆಯೂ ಒಂದೇ ಚಾಪೆಯಲ್ಲಿ ಮಲಗಿ ಊರಿನ ಸುದ್ದಿ ಮಾತಾಡುತ್ತಿದ್ದೆವು. ನಮಗೆ ಮಕ್ಕಳಾಗಲಿಲ್ಲ. ಎರಡು ಸಲ ಬಸಿರಾಗಿ ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದಾಗ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹೆಳಲು ಹಾಕಿ, ಹಾಲಿಗೆ ಅರಿಶಿನ ಹಾಕಿ ಕುಡಿಸಿದರು. ಒಂದು ಮಾತೂ ಆಡಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲರಿಗಿಂತ ಅವರ ಆ ಮೌನವೇ ನನಗೆ ಹಿತವಾಗಿತ್ತು.

ಆಗ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಕಲ್ಯಾಣದಲ್ಲಿ ಮರಾಠಿಯವರ ಚರ್ಚೊಂದಿತ್ತು. ಬೆಳಿಗ್ಗೆ ಅವರ ಆರಾಧನೆ ಮುಗಿದು, ಬೆಂಚುಗಳ ಬಿಸಿ ಆರುವ ಮೊದಲೇ ಮಧ್ಯಾಹ್ನ ನಮ್ಮದು. ಠಾಣೆ, ಅಂಬರನಾಥ, ಡೊಂಬಿವಲಿ ಎಲ್ಲ ಕಡೆಯಿಂದ ಊಟ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ಲೋಕಲಿನಲ್ಲಿ ಮುದುಡಿಸಿಕೊಂಡು ಬರುತ್ತಿದ್ದೆವು. ಸಭಾಪಾಲಕರು ಮುಂಬಯಿಯವರು. ಅವರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರಿಗೆ ಬೇರೆ ಸಭೆಗಳೂ ಇದ್ದುದರಿಂದ ಕರ್ತನ ಭೋಜನ ನಮಗೆ ಎರಡು ತಿಂಗಳಿಗೊಮ್ಮೆ ಮಾತ್ರ ಸಿಗುತ್ತಿತ್ತು. ಯೇಸುವಿನ ನೆನಪಿಗೆ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಸಿಗುವುದೇ ಅಪರೂಪವಾದ್ದರಿಂದ ಅದನ್ನು ತಪ್ಪಿಸಿಕೊಂಡರೆ ಎಲ್ಲರಿಗೂ ಎದ್ದು ಕಾಣುತ್ತಿತ್ತು.

ಊರಿನಿಂದ ನಮ್ಮವರು ಒಂದು ಪದ್ಧತಿಯನ್ನು ಗಂಟುಮೂಟೆಯ ಜೊತೆ ತಂದಿದ್ದರು. ಭೋಜನದ ಹಿಂದಿನ ದಿನ, ಶನಿವಾರ, ಸಭೆಯ ಹಿರಿಯರೊಬ್ಬರು ಮನೆಮನೆಗೆ ಬಂದು ಹೆಸರು ಕೇಳುತ್ತಿದ್ದರು. ಅವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಸೈಕಲ್ಲನ್ನು ಚಾಳಿನ ಕಂಬಕ್ಕೆ ಒರಗಿಸಿ, ಬಾಗಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳುವರು: “ಮನಸ್ಸು ಎಲ್ಲಾರ ಜೋಡಿ ಸರಿ ಐತಿ?” ಸರಿ ಇದ್ದರೆ ಹೆಸರು ಕೊಡುವುದು. ಯಾರೊಡನೆಯಾದರೂ ಮನಸ್ತಾಪವಿದ್ದರೆ, ಅದನ್ನು ಬಗೆಹರಿಸಿಕೊಳ್ಳುವವರೆಗೆ ಹೆಸರು ಕೊಡುವ ಹಾಗಿಲ್ಲ. ಎಷ್ಟು ರೊಟ್ಟಿ ಕೊಯ್ಯಬೇಕೆಂಬ ಅಂದಾಜೂ ಹಿರಿಯರಿಗೆ ಇದರಿಂದಲೇ ಸಿಗುತ್ತಿತ್ತು. ಈ ಪದ್ಧತಿಗೆ ಇನ್ನೊಂದು ಕಟ್ಟು ಇತ್ತು. ಹೆಸರು ಕೊಡದವರನ್ನು ಯಾಕೆ ಎಂದು ಯಾರೂ ಕೇಳಬಾರದು. ಅದು ಅವರಿಗೂ ದೇವರಿಗೂ ಸೇರಿದ್ದು. ಕೇಳಬೇಡಿ ಅಂದರೆ ಜನ ಊಹಿಸಬೇಡಿ ಅಂದಂತಾಗುತ್ತದೆಯೇ? ಊರ ಬಾಯಿ ಮುಚ್ಚಲು ಯಾವ ಪದ್ಧತಿಯಿಂದಲೂ ಆಗಿಲ್ಲ.

ಭೋಜನದ ರಸ ಮಾಡುವವರು ನನ್ನ ಅತ್ತೆ. ಕಪ್ಪು ಒಣದ್ರಾಕ್ಷಿ ತೊಳೆದು, ನೆನೆಹಾಕಿ, ಶನಿವಾರ ಸ್ಟವ್ ಮೇಲೆ ಸಣ್ಣ ಉರಿಯಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ಸೋಸುವರು. ಚಾಳಿನ ತುಂಬ ಸಿಹಿ ವಾಸನೆ. ಪಕ್ಕದ ಮರಾಠಿ ಬಾಯಿ ಇಣುಕಿ, “ಆಜ್ ಕಾಯ್ ಗೋಡ್ ಕೇಲಂ?” ಎಂದು ಕೇಳಿದರೆ ಅತ್ತೆ, “ಗೋಡ್ ನಾಹೀ ಬಾಯಿ, ದೇವಾಚಂ,” ಎನ್ನುವರು. ಸಿಹಿತಿಂಡಿ ಅಲ್ಲ, ದೇವರದು ಎಂದು.

ನಮ್ಮ ಸಾಲಿನ ಕೊನೆಯ ಕೋಲಿಯಲ್ಲಿ ಇನ್ನೊಂದು ಕನ್ನಡ ಕ್ರೈಸ್ತ ಕುಟುಂಬವಿತ್ತು. ಆ ಮನೆಯ ಹಿರಿಯಾಕೆ ಅತ್ತೆಯ ಬಾಲ್ಯದ ಗೆಳತಿ. ಬೆಟಗೇರಿಯಲ್ಲಿ ಒಂದೇ ಶಾಲೆ, ಒಂದೇ ಬಾವಿ. ನಾನು ಅವರನ್ನು ಚಿಗವ್ವ ಎಂದು ಕರೆಯುತ್ತಿದ್ದೆ. ಒಬ್ಬರು ಸಾರು ಮಾಡಿದರೆ ಇನ್ನೊಬ್ಬರಿಗೆ ಬಟ್ಟಲು ಹೋಗುತ್ತಿತ್ತು. ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಚಿಗವ್ವನ ಸೊಸೆ ಗಂಡು ಹೆತ್ತಳು. ಕೂಸು ದುಂಡಗೆ, ಕೆಂಪಗೆ, ಚಾಳಿಗೆಲ್ಲ ಕೇಳುವಂತೆ ಅಳುತ್ತಿತ್ತು. ಚಿಗವ್ವ ದಿನಾ ಅದನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬರುವರು. ಅತ್ತೆಯ ತೊಡೆಯ ಮೇಲೆ ಹಾಕಿ ತಾವು ಚಹಾ ಕುಡಿಯುವರು.

ಕೂಸನ್ನು ನನ್ನ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಚಿಗವ್ವ ಒಬ್ಬರೇ ಅಲ್ಲ, ಯಾರೂ ಕೊಡುತ್ತಿರಲಿಲ್ಲ. ದೃಷ್ಟಿ ಗಿಷ್ಟಿ ಎಲ್ಲ ಮೂಢನಂಬಿಕೆ ಎಂದು ನಮ್ಮವರು ಎದೆ ತಟ್ಟಿ ಹೇಳುತ್ತಿದ್ದರು, ನಿಜ. ಆದರೂ ಕೂಸನ್ನು ಚಾಚಿದ ಕೈ ನನ್ನ ಹತ್ತಿರ ಬಂದಾಗ ಏನೋ ನೆನಪಾದಂತೆ ಬೇರೆ ಕಡೆ ತಿರುಗಿಬಿಡುತ್ತಿತ್ತು. ನಾನು ಕಂಡೂ ಕಾಣದವಳ ಹಾಗೆ ಒಳಗೆ ಹೋಗಿ ಪಾತ್ರೆ ಬಡಿಯುತ್ತಿದ್ದೆ. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದ್ದೂ ಉಂಟು.

ಆ ಚಳಿಗಾಲದ ಒಂದು ಶನಿವಾರ ಹಿರಿಯರು ಬಂದರು. ಒಳಗೆ ದ್ರಾಕ್ಷಿ ಕುದಿಯುತ್ತಿತ್ತು. ನನ್ನ ಗಂಡ ಹೆಸರು ಕೊಟ್ಟರು, ನಾನೂ ಕೊಟ್ಟೆ. ಅತ್ತೆ ಸೌಟು ಹಿಡಿದು ಬಾಗಿಲಿಗೆ ಬಂದು, “ನನ್ನ ಹೆಸರು ಈ ಸಲ ಬ್ಯಾಡ್ರಿ,” ಎಂದರು.

ಹಿರಿಯರು ಏನೂ ಕೇಳಲಿಲ್ಲ, ಕೇಳುವಂತಿರಲಿಲ್ಲ. “ಆತ್ರಿ ಅಕ್ಕಾರ,” ಎಂದು ತಲೆ ಆಡಿಸಿದರು. ಆದರೆ ಹೊರಡುವ ಮುಂಚೆ ಅವರ ಕಣ್ಣು ಒಂದು ಸಲ ನನ್ನ ಕಡೆ ಹೊರಳಿತು. ಪಾಪ, ಬೇಕೆಂದು ನೋಡಿದ್ದಲ್ಲ. ಮನಸ್ತಾಪ ಎಂದಕೂಡಲೆ ಮನೆಯಲ್ಲಿರುವ ಸೊಸೆಯನ್ನು ನೋಡುವುದು ಲೋಕದ ಅಭ್ಯಾಸ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯೇ ಇರುವ ಭಾಷೆ ನಮ್ಮದು.

ಮರುದಿನ ಚರ್ಚಿನಲ್ಲಿ ಎಲ್ಲರೂ ಸಾಲುಸಾಲಾಗಿ ಎದ್ದು ಹೋದಾಗ ಅತ್ತೆ ಮೊಣಕಾಲು ಬದಿಗೆ ಸರಿಸಿ ದಾರಿ ಕೊಟ್ಟು ಕೂತೇ ಇದ್ದರು. ತಾವೇ ಕುದಿಸಿ ಸೋಸಿದ ರಸ ಊರೆಲ್ಲ ಕುಡಿಯಿತು. ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ, ಸಭೆಯ ಹೆಂಗಸೊಬ್ಬಳು ನನ್ನ ಪಕ್ಕ ಒತ್ತಿ ಕೂತು ಮೆಲ್ಲಗೆ, “ಅತ್ತಿ ಜೋಡಿ ಜರಾ ತಗ್ಗಿ ನಡೀಬೇಕವಾ. ದೊಡ್ಡವರು, ಉಣ್ಣೂ ರೊಟ್ಟಿ ಬಿಟ್ಟಾರ ಅಂದ್ರ ಎಷ್ಟು ನೊಂದಿರಬೇಕು,” ಎಂದಳು. ನನ್ನ ಮೂರು ಭಾಷೆಯ ಜಗಳವೂ ಬಾಯಿಗೆ ಬರಲಿಲ್ಲ. ಕಿಟಕಿಯ ಆಚೆ ನೋಡುತ್ತಾ ಕೂತೆ.

ಅನುಮಾನ ಒಮ್ಮೆ ಹೊಕ್ಕರೆ ಎಲ್ಲವೂ ಅದಕ್ಕೆ ಸಾಕ್ಷಿ ಹೇಳುತ್ತದೆ. ಚಿಗವ್ವ ಕೂಸು ಎತ್ತಿಕೊಂಡು ಬಂದರೆ ಅತ್ತೆ ನನ್ನನ್ನು ಏನಾದರೂ ನೆವ ಹೇಳಿ ಅಂಗಡಿಗೆ ಕಳಿಸುತ್ತಿದ್ದದ್ದು ಈಗ ಕಣ್ಣಿಗೆ ಬಿತ್ತು. ಬೆಳಿಗ್ಗೆ ಅಕ್ಕಿ ಆರಿಸುವಾಗ ನಾನು ಹತ್ತಿರ ಹೋದರೆ ಅಲುಗುವ ತುಟಿ ಗಪ್ಪನೆ ನಿಲ್ಲುತ್ತಿತ್ತು. ಚಾಪೆಯಲ್ಲಿ ಮಲಗಿದಾಗ ಊರಿನ ಸುದ್ದಿ ನಿಂತುಹೋಗಿತ್ತು. ಎಲ್ಲ ಕೂಡಿಸಿ ನಾನು ಒಂದೇ ಉತ್ತರ ತೆಗೆದೆ. ಮೊಮ್ಮಗನನ್ನು ಕೊಡದ ಸೊಸೆ ಅತ್ತೆಯ ಎದೆಯಲ್ಲಿ ಮುಳ್ಳಾಗಿದ್ದಾಳೆ. ಒಳ್ಳೆಯವರಾದ್ದರಿಂದ ಬಾಯಿಬಿಟ್ಟು ಅನ್ನುತ್ತಿಲ್ಲ, ಪ್ರಾಮಾಣಿಕರಾದ್ದರಿಂದ ರೊಟ್ಟಿ ಮುಟ್ಟುತ್ತಿಲ್ಲ.

ಅವರು ಬೈದಿದ್ದರೆ ನನಗೆ ಸುಲಭವಿತ್ತು. ಆದರೆ ಅವರ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅದೇ ಎಣ್ಣೆ, ಅದೇ ಬಾಚಣಿಗೆ, ನನಗೆಂದೇ ಎತ್ತಿಟ್ಟ ಅದೇ ಕೆನೆ. ಒಳಗೆ ಬೇಸರ ಇಟ್ಟುಕೊಂಡು ಅದಕ್ಕೆ ಪ್ರಾಯಶ್ಚಿತ್ತವಾಗಿ ತಲೆ ಬಾಚುತ್ತಿದ್ದಾರೆ ಎಂದುಕೊಂಡು ನಾನು ಆ ಕೈಯಡಿಯಲ್ಲಿ ಸೆಟೆದು ಕೂರುತ್ತಿದ್ದೆ. ಆ ನಡುವೆ ಚಿಗವ್ವನ ಮೊಮ್ಮಗನಿಗೆ ಜೋರು ಜ್ವರ ಬಂತು. ಅತ್ತೆ ಒಂದು ಇಡೀ ದಿನ ಅಲ್ಲೇ ಕೂತು ತಣ್ಣೀರ ಬಟ್ಟೆ ಹಾಕಿದರು. ಊಟಕ್ಕೂ ಬರಲಿಲ್ಲ. ಕೂಸು ಚೇತರಿಸಿಕೊಂಡಮೇಲೆ ಬಂದವರು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತರು. ಬೇರೆಯವರ ಮೊಮ್ಮಗನಿಗೇ ಇಷ್ಟು, ಇನ್ನು ತಮ್ಮದೇ ಇದ್ದಿದ್ದರೆ ಎಂದುಕೊಂಡೆ.

ಗಂಡನಿಗೆ ಹೇಳಿಕೊಂಡೆ. ಅವರು ಒಳ್ಳೆಯ ಮನುಷ್ಯ, ಯಂತ್ರದ ಮುಂದೆ ಧೈರ್ಯಶಾಲಿ. ಇಬ್ಬರು ಹೆಂಗಸರ ಮಧ್ಯೆ ಮಾತ್ರ ಅವರಿಗೆ ಎಲ್ಲಿಲ್ಲದ ನಿದ್ದೆ ಬರುತ್ತಿತ್ತು. “ಕೇಳಬಾರದು ಅಂತ ಪದ್ಧತಿ ಐತಿ. ನಾ ಹ್ಯಾಂಗ ಕೇಳ್ಲಿ?” ಎಂದು ಮಗ್ಗುಲಾದರು.

ಮುಂದಿನ ಭೋಜನಕ್ಕೂ ಅತ್ತೆ ಹೆಸರು ಕೊಡಲಿಲ್ಲ. ಅದರ ನಂತರದ್ದು ಈಸ್ಟರ್ ಹಬ್ಬ. ವರ್ಷವಿಡೀ ಚರ್ಚಿಗೆ ಬಾರದವರೂ ಅವತ್ತು ಬರುತ್ತಾರೆ, ಜಗಳವಾಡಿದವರೂ ಹಿಂದಿನ ವಾರವೇ ಕೈಹಿಡಿದು ರಾಜಿಯಾಗುತ್ತಾರೆ. ನಾನು ಒಳಗೇ ನಿಶ್ಚಯ ಮಾಡಿಕೊಂಡೆ. ಈಸ್ಟರಿಗೆ ಅತ್ತೆ ಎದ್ದರೆ ಸರಿ. ಏಳದಿದ್ದರೆ ನಾನು ತವರಿಗೆ ಹೋಗಿಬಿಡುತ್ತೇನೆ. ಕಲ್ಯಾಣದಿಂದ ಸೊಲ್ಲಾಪುರ, ಅಲ್ಲಿಂದ ಗದಗಿನ ಸಣ್ಣ ಗಾಡಿ. ನನ್ನಿಂದ ಒಬ್ಬ ಒಳ್ಳೆಯ ಹೆಂಗಸು ದೇವರ ಮೇಜಿನಿಂದ ದೂರ ಕೂರುವುದನ್ನು ನಾನು ಜೀವನಪೂರ್ತಿ ನೋಡಲಾರೆ. ನಾನು ಇಲ್ಲದಿದ್ದರೆ ಅವರ ಮನಸ್ಸಾದರೂ ಹಗುರಾದೀತು. ಟ್ರಂಕಿನಲ್ಲಿ ನಾಲ್ಕು ಸೀರೆ ಮಡಚಿಟ್ಟೆ. ಗಂಡನಿಗೆ ‘ಅವ್ವನ್ನ ನೋಡಬೇಕನಸೇತಿ’ ಎಂದಷ್ಟೇ ಹೇಳಿದೆ. ಅವರು ಹೂಂ ಎಂದರು.

ಶನಿವಾರ ಹಿರಿಯರು ಬಂದಾಗ ಅತ್ತೆ ಮತ್ತೆ ಅದೇ ಮಾತು ಹೇಳಿದರು. ನಾನು ಹಿಂದಿನಂತೆ ಹೆಸರು ಕೊಟ್ಟೆ, ಆದರೆ ನನ್ನ ಬಾಯಿಗೆ ಅದು ಸುಳ್ಳಿನಂತೆ ರುಚಿಸಿತು.

ಈಸ್ಟರ್ ಮಧ್ಯಾಹ್ನ ಕಲ್ಯಾಣದಲ್ಲಿ ಸುಡುಬಿಸಿಲು. ಚರ್ಚಿನೊಳಗೆ ಕಾಲಿಡಲು ಜಾಗವಿಲ್ಲ. ರೊಟ್ಟಿ ಮುರಿಯುವ ಹೊತ್ತಿಗೆ ಮುಂದಿನ ಸಾಲಿನವರು ಎದ್ದು ವೇದಿಯ ಮುಂದೆ ಮೊಣಕಾಲೂರಿದರು, ಹಿಂದಿನವರು ಹಾಡುತ್ತಿದ್ದರು. ನಮ್ಮ ಸಾಲು ಬಂತು. ಎಲ್ಲರೂ ಎದ್ದರು. ಅತ್ತೆ ಮೊಣಕಾಲು ಸರಿಸಿದರು. ನಾನೂ ಸರಿಸಿದೆ.

ಸಾಲು ಖಾಲಿಯಾಗಿ ನಾವಿಬ್ಬರೇ ಉಳಿದಾಗ ಅತ್ತೆ ನನ್ನ ಕಡೆ ತಿರುಗಿದರು. “ಏಳು,” ಎಂದು ಪಿಸುಗುಟ್ಟಿದರು.

“ನೀವು ಏಳ್ರಿ ಮೊದಲ,” ಎಂದೆ.

“ನನ್ನ ಮಾತು ಬ್ಯಾರೆ. ನಿನಗೇನಾಗೇತಿ? ಹೆಸರು ಕೊಟ್ಟಿ.”

“ಅತ್ತಿ, ನಿಮ್ಮ ಮನಸ್ಸಿನಾಗ ನನ್ನ ಮ್ಯಾಲ ಬ್ಯಾಸರ ಐತಿ ಅಂತ ಇಡೀ ಸಭಾಕ್ಕ ಗೊತ್ತೈತಿ. ನನಗೂ ಗೊತ್ತೈತಿ. ನಾ ಹ್ಯಾಂಗ ಹೋಗಿ ಉಣ್ಣಲಿ? ನಾಳೆ ನಾ ಊರಿಗೆ ಹೊಂಟೀನಿ. ತಿರುಗಿ ಬರೂದಿಲ್ಲ.”

ಅತ್ತೆಯ ಮುಖ ನೋಡಿ ನನಗೆ ಭಯವಾಯಿತು. ಅವರು ನನ್ನ ಮಣಿಕಟ್ಟು ಹಿಡಿದರು. ಆ ಮುದಿ ಕೈಯಲ್ಲಿ ಅಷ್ಟು ಬಲ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಜನ ನೋಡುತ್ತಿದ್ದಂತೆಯೇ ನನ್ನನ್ನು ಎಬ್ಬಿಸಿ, ಬದಿಯ ಬಾಗಿಲಿನಿಂದ ಚರ್ಚಿನ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಭೋಜನದ ಲೋಟ ತೊಳೆಯುವ ನಲ್ಲಿ, ಅದರ ಪಕ್ಕ ಒಂದು ಕಲ್ಲು. ನನ್ನನ್ನು ಕಲ್ಲಿನ ಮೇಲೆ ಕೂರಿಸಿ ತಾವು ನಿಂತರು. ಒಳಗಿನ ಹಾಡು ಗೋಡೆ ದಾಟಿ ಬರುತ್ತಿತ್ತು.

“ನಿನ್ನ ಮ್ಯಾಲ ನನಗೇನಿರತೈತಿ ಯವ್ವಾ?” ಎಂದರು. “ಆಕಿ ಮ್ಯಾಲ. ನನ್ನ ಗೆಳತಿ ಮ್ಯಾಲ.”

ನನಗೆ ತಲೆಬುಡ ತಿಳಿಯಲಿಲ್ಲ. ಅವರಿಬ್ಬರ ನಡುವೆ ಒಂದು ದಿನವೂ ಮಾತು ಏರಿದ್ದನ್ನು ನಾನು ಕಂಡಿರಲಿಲ್ಲ.

“ಮೊದಲ ನಿನ್ನ ಸಲುವಾಗಿ ಬೇಡ್ಕೊಳ್ತಿದ್ದೆ,” ಎಂದರು ಅತ್ತೆ. “ಈ ಹುಡುಗಿ ದುಃಖ ಹೋಗಲಿ, ಉಡಿ ತುಂಬಲಿ ಅಂತ. ಆಕಿ ಮೊಮ್ಮಗ ಹುಟ್ಟಿದ ಮ್ಯಾಲ ಒಂದಿನ ಅಕ್ಕಿ ಆರಿಸ್ಕೋತ ನೋಡ್ತೀನಿ, ನಾ ಬೇಡೂ ಮಾತಿನಾಗ ನೀನ ಇಲ್ಲ. ಆಕಿಗೆ ಕೊಟ್ಟಿ, ನನಗ್ಯಾಕ ಕೊಡಲಿಲ್ಲ ಅಂತ ದೇವ್ರ ಜೋಡಿ ಜಗಳಾ ಮಾಡಾಕತ್ತೀನಿ. ಬರೇ ಹೊಟ್ಟಿಕಿಚ್ಚು. ದಿನಾ ಆರಿಸಿ ಒಗೀತೀನಿ, ಮರುದಿನ ಮತ್ತ ಇರತೈತಿ. ಕೂಸಿಗೆ ಜ್ವರ ಬಂತಲ್ಲ, ಆಕಿ ಅಳ್ಕೋತ ಬಂದು ಹೇಳಿದಾಗ ನನ್ನ ಎದಿ ಹಗುರಾತು. ಒಂದ ಕ್ಷಣ. ಆಮ್ಯಾಲ ಓಡಿ ಹೋದೆ. ಆದ್ರ ಆ ಒಂದು ಕ್ಷಣ ಹಗುರಾಗಿದ್ದು ಖರೇ. ಅಂಥಾ ಎದಿ ಇಟ್ಕೊಂಡು ನಾ ಆ ರೊಟ್ಟಿಗೆ ಕೈ ಚಾಚಲೇನು?”

ಅವರು ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಅಳುವೂ ಸಿಟ್ಟೂ ಎರಡೂ ಇದ್ದವು.

“ಹ್ಯಾಂಗ ಹೇಳ್ಲಿ? ಅತ್ತಿಗೆ ಮೊಮ್ಮಗನ ಆಸೆ ಇಷ್ಟು ಐತಿ ಅಂತ ತಿಳಿದ್ರ ನೀ ಎಷ್ಟು ನೊಂದ್ಕೊಳ್ತಿದ್ದಿ. ನಿನ್ನ ಮುಂದ ಆ ಕೂಸು ನೋಡಿದ್ರ ನನ್ನ ಮುಖ ಏನರ ಹೇಳಿಬಿಡತೈತಿ ಅಂತ ನಿನ್ನ ಅಂಗಡಿಗೆ ಕಳಸ್ತಿದ್ದೆ. ನನ್ನ ಮನಸ್ಸು ನಾನ ಕಾಯ್ಕೊಂಡ್ರ ಆತು, ಯಾರಿಗೂ ನೋವಾಗಬಾರದು ಅಂದ್ಕೊಂಡೆ. ನೀ ಇದನ್ನ ನಿನ್ನ ಮ್ಯಾಲ ಹಾಕ್ಕೊಂಡಿ ಅಂತ ನನಗ ಕನಸಿನಾಗೂ ಹೊಳೀಲಿಲ್ಲ ಮಗಳ.”

ನಾನು ಅವರ ಸೊಂಟಕ್ಕೆ ತಲೆ ಒತ್ತಿ ಅತ್ತುಬಿಟ್ಟೆ. ಅಷ್ಟು ತಿಂಗಳು ಸೆಟೆದು ಕೂತಿದ್ದ ನನ್ನ ಬೆನ್ನು ಅಲ್ಲಿ ಸಡಿಲವಾಯಿತು. ಅವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಒಬ್ಬರೇ ಕಾಯುವ ಕಾವಲಿನಲ್ಲಿ ಇಂಥ ಅಪಾಯವೂ ಇದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಳಗೆ ಬಂದದ್ದನ್ನು ಒಳಗೇ ಹಿಡಿದು ಹೊಡೆಯುತ್ತಾ ಕೂತರೆ, ಹೊರಗೆ ನಿಂತವರಿಗೆ ಏಟಿನ ಸದ್ದು ಮಾತ್ರ ಕೇಳಿಸುತ್ತದೆ. ಅದು ತಮಗೇ ಎಂದುಕೊಳ್ಳುತ್ತಾರೆ.

ಅಷ್ಟರಲ್ಲಿ ಹಾಡು ನಿಂತು ಜನ ಹೊರಗೆ ಬರತೊಡಗಿದರು. ಚಿಗವ್ವ ಮೊಮ್ಮಗನನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮನ್ನು ಹುಡುಕುತ್ತಾ ಹಿತ್ತಲಿಗೆ ಬಂದರು. ನನ್ನ ಕೆಂಪು ಕಣ್ಣು ನೋಡಿ, “ಇಬ್ಬರೂ ಇಲ್ಲಿ ನಿಂತು ಜಗಳಾ ತೀರಿಸಿಕೊಂಡ್ರೇನು? ಬೇಶಾತು,” ಎಂದರು. ಅವರೂ ಹಾಗೇ ತಿಳಿದಿದ್ದರು.

ಅತ್ತೆ ತಡಮಾಡಲಿಲ್ಲ. ತಡಮಾಡಿದರೆ ಬಾಯಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿದ್ದಿರಬೇಕು. “ಗೆಳತೀ, ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಬಂದಿತ್ತು. ಈ ಕೂಸಿನ ಸಲುವಾಗಿ. ಇದಕ್ಕ ಜ್ವರ ಬಂದಾಗ ಒಂದು ಕ್ಷಣ ನನಗ ಸಂತೋಷ ಆತು. ಅದಕ್ಕ ನಾ ಭೋಜನಕ್ಕ ಹೋಗಿಲ್ಲ. ಇಕಿ ತಪ್ಪು ಏನೂ ಇಲ್ಲ,” ಎಂದರು.

ಚಿಗವ್ವನ ಕೈ ಕೂಸನ್ನು ಬಿಗಿಯಾಗಿ ಒತ್ತಿಕೊಂಡಿತು. ನಾನು ಕಣ್ಣಾರೆ ಕಂಡೆ. ಯಾವ ಅಜ್ಜಿಯ ಕೈಯಾದರೂ ಹಾಗೇ ಮಾಡುತ್ತಿತ್ತು. ಐವತ್ತು ವರ್ಷದ ಸ್ನೇಹ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಚಿಗವ್ವ ನೆಲ ನೋಡಿದರು. ಕೂಸು ಅವರ ತಾಳಿಯ ಕರಿಮಣಿಯನ್ನು ಬಾಯಿಗಿಟ್ಟುಕೊಂಡಿತ್ತು.

“ಆವತ್ತು ಉಪವಾಸ ಕುಂತು ತಣ್ಣೀರ ಬಟ್ಟಿ ಹಾಕಿದಾಕಿ ನೀನ ಅಲ್ಲ?” ಎಂದರು ಕಡೆಗೆ.

“ಆ ಕ್ಷಣಕ್ಕ ಅಂಜಿ ಕುಂತಿದ್ದೆ.”

“ಯಾಕರ ಕುಂತಿರು. ಕೂಸು ಉಳೀತು.”

ಹಾಗೆಂದು ಚಿಗವ್ವ ಮೂಗೊರೆಸಿಕೊಂಡರು. ಆಮೇಲೆ ಏನೂ ಆಗಿಲ್ಲವೆಂಬಂತೆ, ನೀರಿನ ಕೊಡ ದಾಟಿಸುವವರ ಹಾಗೆ, ಕೂಸನ್ನು ನನ್ನ ಕಡೆ ಚಾಚಿದರು. “ಹಿಡಿ ಯವ್ವಾ, ನನ್ನ ರಟ್ಟಿ ಸೋತಾವು,” ಎಂದರು. ಆ ಕೈ ಎಲ್ಲೂ ತಿರುಗಲಿಲ್ಲ.

ನಾನು ಹಿಡಿದೆ. ಹೊಸಬಳ ಕೈ ಎಂದು ಕೂಸು ಅಳಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿ ಕಿವಿಯ ಓಲೆಗೆ ಕೈ ಹಾಕಿತು. ಭಾರವಾಗಿತ್ತು, ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು. ನನಗೆ ಸಂತೋಷವಾಯಿತು, ನೋವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಇವತ್ತಿಗೂ ಹೇಳಲಾರೆ.

ಹಿರಿಯರು ಬದಿಯ ಬಾಗಿಲಲ್ಲಿ ಬಂದು ನಿಂತರು. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಕೇಳಬಾರದ್ದನ್ನು ಕೇಳದ ಮನುಷ್ಯ ಅವರು. “ಅಕ್ಕಾರ, ಮೇಜು ಇನ್ನೂ ಎತ್ತಿಲ್ಲ. ಅಯ್ಯನವರು ನಿಂತಾರ,” ಎಂದರು. “ರೊಟ್ಟಿ ಸಾಲತೈತಿ. ನಾ ಪ್ರತಿ ಸಲ ನಿಮ್ಮದೂ ಕೂಡಿಸೇ ಕೊಯ್ದಿರತೀನಿ.”

ಅತ್ತೆ ಸೆರಗು ತಲೆಗೆ ಹೊದ್ದು ಒಂದು ಹೆಜ್ಜೆ ಇಟ್ಟರು. ಮತ್ತೆ ನಿಂತು, ನನ್ನ ಹೆಗಲ ಮೇಲಿದ್ದ ಕೂಸನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಈಗ ನೋಡು, ಆ ಕಿಚ್ಚು ಮತ್ತ ಬಂತು,” ಎಂದರು.

“ಹಂಗಾದ್ರ ಈ ಸಲಾನೂ ಒಳಗ ಹೋಗೂದಿಲ್ಲೇನ್ರಿ?” ಎಂದೆ.

“ಯಾಕ ಹೋಗೂದಿಲ್ಲ? ಬಂತು, ನಿನಗ ಹೇಳಿದೆ. ಇನ್ನ ನಡಿ,” ಎಂದು ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.